ಅರವತ್ತು ಗುಂಡುಗಳ ಲೆಕ್ಕ ಅಳಿಸಬಾರದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆಗಳಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿಯ ಮುಂದೆ ಅಂಕದ ತಕರಾರು ಹುಟ್ಟುವುದಿಲ್ಲ. ಬಲೂನು ಒಡೆದರೆ ಒಂದು, ಉಳಿದರೆ ಸೊನ್ನೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲೂ ಇದೇ ನ್ಯಾಯ. ಗುರಿಯ ಮೇಲೆ ವೃತ್ತಗಳು ಬಂದ ಕೂಡಲೇ ಪ್ರಶ್ನೆ ಬದಲಾಗುತ್ತದೆ. ತಗುಲಿತೋ ಇಲ್ಲವೋ ಎಂಬುದರ ಜತೆಗೆ, ನಡುವಿಗೆ ಎಷ್ಟು ಹತ್ತಿರ ತಗುಲಿತು ಎಂಬುದನ್ನೂ ಅಳೆಯಬೇಕಾಗುತ್ತದೆ. ಅಳೆದ ಮೇಲೆ ಆ ಅಳತೆಯನ್ನು ಕೊನೆಯವರೆಗೂ ಉಳಿಸಿಕೊಳ್ಳುವುದೇ ನ್ಯಾಯ. ಅರ್ಹತಾ ಸುತ್ತಿನ ಅಂಕವನ್ನು ಅಳಿಸಿ ಫೈನಲ್ಲನ್ನು ಸೊನ್ನೆಯಿಂದ ಶುರು ಮಾಡುವ ಕ್ರಮ 2013ರಲ್ಲಿ ಅಂತರರಾಷ್ಟ್ರೀಯ ಶೂಟಿಂಗ್‌ಗೆ ಬಂತು. ಅದು ಈ ನ್ಯಾಯಕ್ಕೆ ವಿರುದ್ಧವಾದುದು ಎಂಬುದು ನನ್ನ ವಾದ.

ಅಳತೆಯ ಸೂಕ್ಷ್ಮತೆ ಹೆಚ್ಚಿದ್ದು ಮಾತ್ರ ಒಳ್ಳೆಯದೇ ಆಯಿತು. 10 ಮೀಟರ್ ಏರ್ ರೈಫಲ್‌ನ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ, ಅದಕ್ಕೆ ಹೊಡೆಯುವ ಪೆಲೆಟ್ 4.5 ಮಿಲಿಮೀಟರ್ ದಪ್ಪ. ಕಾಗದದ ಗುರಿಯಲ್ಲಿ ರಂಧ್ರದ ಅಂಚು ಹರಿದು, ಗೆರೆ ಮುಟ್ಟಿದೆಯೋ ಇಲ್ಲವೋ ಎಂಬ ಸಂಶಯ ಏಳುತ್ತದೆ. ಆಗ ತೀರ್ಪುಗಾರರು ಗೇಜ್ ಇಟ್ಟು, ಬಾಗಿ ನೋಡಿ ನಿರ್ಧರಿಸುತ್ತಾರೆ. ಗೆರೆ ಮುಟ್ಟಿದ್ದರೆ ಮೇಲಿನ ಅಂಕ. ಎಲೆಕ್ಟ್ರಾನಿಕ್ ಗುರಿ ಈ ಸಂಶಯವನ್ನು ತೆಗೆದು, ಒಂದೊಂದು ಗುಂಡನ್ನೂ 10.9ರವರೆಗೆ ದಶಮಾಂಶದಲ್ಲಿ ಅಳೆಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಏರ್ ಪಿಸ್ತೂಲ್ ಫೈನಲ್‌ನಲ್ಲಿ ಮನು ಭಾಕರ್ 221.7ಕ್ಕೆ ನಿಂತರು, ಕೊರಿಯಾದ ಕಿಮ್ ಯೆಜಿ 221.8ರಲ್ಲಿದ್ದರು. 0.1ರ ಅಂತರದಲ್ಲಿ ಬೆಳ್ಳಿಯ ದಾರಿ ಮುಚ್ಚಿತು. ಕಹಿಯಾದರೂ ಇದು ಒಪ್ಪಬೇಕಾದ ತೀರ್ಪು, ಏಕೆಂದರೆ ಅದು ಗುರಿಯ ಮೇಲೆ ನಿಜವಾಗಿ ಬಿದ್ದ ಗುಂಡಿನ ಲೆಕ್ಕ.

ಅರ್ಹತಾ ಸುತ್ತಿನಲ್ಲಿ ಇಷ್ಟು ನಾಜೂಕಾಗಿ ಅಳೆದ 60 ಗುಂಡುಗಳನ್ನು ಮರುಗಳಿಗೆಯೇ ಬದಿಗಿಡುವುದು ನನಗೆ ಒಪ್ಪಿಗೆಯಾಗದ ಸಂಗತಿ. ರಾಶಿಯ ಗುಣವನ್ನು ಹಿಡಿ ಜೋಳಕ್ಕಿಂತ ಬೊಗಸೆ ಜೋಳ ಹೆಚ್ಚು ಖಚಿತವಾಗಿ ಹೇಳುತ್ತದೆ. ಸಂಖ್ಯಾಶಾಸ್ತ್ರದ ಲೆಕ್ಕವೂ ಅದನ್ನೇ ಹೇಳುತ್ತದೆ: ಫೈನಲ್‌ನ 24 ಗುಂಡುಗಳ ಸರಾಸರಿಯಲ್ಲಿ ಅದೃಷ್ಟದ ಏರುಪೇರು 60 ಗುಂಡುಗಳ ಸರಾಸರಿಗಿಂತ ಸುಮಾರು 1.6 ಪಟ್ಟು ಹೆಚ್ಚು. 2016ರ ರಿಯೊ ಒಲಿಂಪಿಕ್ಸ್‌ನ ಏರ್ ರೈಫಲ್‌ನಲ್ಲಿ ಇಟಲಿಯ ನಿಕೊಲೊ ಕಾಂಪ್ರಿಯಾನಿ 630.2 ಅಂಕದೊಂದಿಗೆ ಅರ್ಹತಾ ಸುತ್ತಿನಲ್ಲಿ ಮೊದಲಿಗರಾದರು, ನಮ್ಮ ಅಭಿನವ್ ಬಿಂದ್ರಾ 625.7ರೊಂದಿಗೆ ಏಳನೆಯವರು. ಫೈನಲ್ ಶುರುವಾದಾಗ ಆ 4.5ರ ಅಂತರ ಇಲ್ಲವಾಗಿತ್ತು. ಕಾಂಪ್ರಿಯಾನಿಯೇ ಚಿನ್ನ ಗೆದ್ದರು ನಿಜ, ಆದರೆ ಗಳಿಸಿದ ಮುನ್ನಡೆಯನ್ನು ಇನ್ನೊಮ್ಮೆ ಗಳಿಸಬೇಕಾಯಿತು. ಬಿಂದ್ರಾ ನಾಲ್ಕನೆಯ ಸ್ಥಾನಕ್ಕೇರಿದ್ದು ಭಾರತೀಯರಾದ ನಮಗೆ ಹೆಮ್ಮೆ. ನಮ್ಮವರಿಗೆ ಅನುಕೂಲವಾಯಿತೆಂದು ನಿಯಮ ನ್ಯಾಯವಾಗುವುದಿಲ್ಲ.

ಅಂಕ ಸೇರಿಸಿಕೊಂಡರೆ ಫೈನಲ್ ಸಪ್ಪೆಯಾಗುತ್ತದೆ, ಮುಂದಿದ್ದವರನ್ನು ಹಿಡಿಯಲಾಗದು ಎನ್ನುವವರಿದ್ದಾರೆ. ಇದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಪಂದ್ಯ ಉತ್ತರ ಕೊಡುತ್ತದೆ. ಆಗ ಅರ್ಹತಾ ಅಂಕವೂ ಸೇರುತ್ತಿತ್ತು. ಅರ್ಹತಾ ಸುತ್ತಿನ ಕೊನೆಗೆ ಫಿನ್ಲೆಂಡ್‌ನ ಹೆನ್ರಿ ಹಕ್ಕಿನೆನ್ 598ರಲ್ಲಿದ್ದರು, ಬಿಂದ್ರಾ 596ರಲ್ಲಿ. ಕೊನೆಯ ಗುಂಡಿಗೆ ಮುನ್ನ ಇಬ್ಬರೂ ಸಮ. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7. ಒಟ್ಟು 700.5ರೊಂದಿಗೆ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಬಂತು. ಒತ್ತಡ ತಾಳುವ ಗಟ್ಟಿತನವನ್ನು ಸೊನ್ನೆಯ ಆರಂಭವೇ ಪರೀಕ್ಷಿಸುತ್ತದೆ ಎಂಬ ಮಾತೂ ನಿಲ್ಲದು. ಅದೇ ಕೂಟದ 50 ಮೀಟರ್ ತ್ರಿಭಂಗಿ ರೈಫಲ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಗುಂಡಿಗೆ ಮುನ್ನ 3.3 ಅಂಕ ಮುಂದಿದ್ದರು. ಆ ಗುಂಡು 4.4ಕ್ಕೆ ಬಿತ್ತು, ಅವರು ನಾಲ್ಕನೆಯವರಾದರು. ಕೂಡಿಟ್ಟ ಅಂಕ ಅವರನ್ನು ಕಾಯಲಿಲ್ಲ.

ಓಟದ ಫೈನಲ್ ಕೂಡ ಹೊಸದಾಗಿಯೇ ಶುರುವಾಗುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಹೀಟ್ಸ್‌ನಲ್ಲಿ ಓಟಗಾರ ಮುಂದಿನ ಸುತ್ತಿಗೆ ಸಾಕಾಗುವಷ್ಟು ಓಡಿ ಕಾಲನ್ನು ಉಳಿಸಿಕೊಳ್ಳುತ್ತಾನೆ, ಪಕ್ಕದವನ ವೇಗ ನೋಡಿ ತನ್ನದನ್ನು ಹೊಂದಿಸುತ್ತಾನೆ. ಶೂಟರ್‌ಗೆ ಅಂಥ ಉಳಿತಾಯವಿಲ್ಲ. ಏರ್ ರೈಫಲ್‌ನಲ್ಲಿ ಗುರಿ, ದೂರ, ಬಂದೂಕು, ಅಳತೆ ಎಲ್ಲವೂ ಎರಡೂ ಸುತ್ತಿನಲ್ಲಿ ಒಂದೇ. ಒಂದೇ ಬಗೆಯ ಕೆಲಸಕ್ಕೆ ಮೊದಲು ಬೆಲೆಯಿಲ್ಲ, ಆಮೇಲೆ ಪೂರ್ತಿ ಬೆಲೆ ಎನ್ನುವುದಕ್ಕೆ ಆಟದೊಳಗಿನ ಕಾರಣ ಸಿಗುವುದಿಲ್ಲ. ಸಿಗುವುದು ನೋಡುಗರನ್ನು ಕೊನೆಯವರೆಗೂ ಹಿಡಿದಿಡಬೇಕೆಂಬ ಟೀವಿಯ ಕಾರಣ ಮಾತ್ರ.

ನಮ್ಮ ತಾಲ್ಲೂಕುಗಳಲ್ಲಿ ಮಕ್ಕಳಿಗೆ ಏರ್ ರೈಫಲ್ ಪಂದ್ಯ ಏರ್ಪಡಿಸುವವರಿಗೆ ಟೀವಿಯ ಹಂಗಿಲ್ಲ. ದುಬಾರಿ ಎಲೆಕ್ಟ್ರಾನಿಕ್ ಗುರಿ ಇಲ್ಲದೆಯೂ ನ್ಯಾಯ ಸಾಧ್ಯ. ಪ್ರತಿ ಕಾಗದವನ್ನು ಇಬ್ಬರು ಬೇರೆಬೇರೆಯಾಗಿ ಅಳೆಯಲಿ. ನಿಯಮವನ್ನು ಮೊದಲ ಗುಂಡಿಗೆ ಮುನ್ನವೇ ಫಲಕದಲ್ಲಿ ಬರೆದಿಡಲಿ. ಫೈನಲ್ ಇಟ್ಟರೆ ಹಿಂದಿನ ಅಂಕವನ್ನೂ ಕೂಡಿಸಲಿ. ಬೆಳಿಗ್ಗೆಯಿಂದ ಒಂದೇ ಸಮನೆ ಚೆನ್ನಾಗಿ ಹೊಡೆದ ಹುಡುಗಿಗೆ ಆ ಶ್ರಮದ ಅಂಕ ಸಂಜೆಯ ಫಲಿತಾಂಶದಲ್ಲೂ ಸಿಗಬೇಕು. ಸ್ಥಿರತೆಯೇ ಈ ಆಟದ ದೊಡ್ಡ ಗುಣ, ಅದಕ್ಕೆ ಬೆಲೆ ಕೊಡದ ಅಂಕಪದ್ಧತಿ ಮಕ್ಕಳಿಗೆ ತಪ್ಪು ಪಾಠ ಕಲಿಸುತ್ತದೆ.