ಹಾಳೆಯ ಅಂಚು, ಚಿತ್ರದ ಅಂಚು

ಹಾಳೆಯನ್ನು ನೆನೆಸಿ ಹಲಗೆಗೆ ಬಿಗಿಯುವ ಕ್ರಮವನ್ನು ವಿವರಿಸಿದ ಮೇಲೆ, ಅಂಚಿನ ಪ್ರಶ್ನೆಯನ್ನು ಎತ್ತಿಕೊಳ್ಳುವುದಾಗಿ ಕಳೆದ ವಾರ ಮಾತು ಕೊಟ್ಟಿದ್ದೆನಷ್ಟೆ. ಜಲವರ್ಣಚಿತ್ರದ ಸುತ್ತ ಬಿಳಿಯ ಪಟ್ಟಿಯೊಂದನ್ನು ಉಳಿಸಬೇಕೊ, ಬಣ್ಣವನ್ನು ಹಾಳೆಯ ಕೊನೆಯವರೆಗೆ ಒಯ್ಯಬೇಕೊ ಎಂಬ ವಿವಾದದಲ್ಲಿ ನಾನು ಯಾವ ಪಕ್ಷದವನೆಂಬುದು ಈ ಅಂಕಣದ ಓದುಗರಿಗೆ ಹೊಸತಲ್ಲ.

ನಾಲ್ಕೂ ಕಡೆ ಅಂಟುಪಟ್ಟಿಯನ್ನು ಒತ್ತಿ, ಚಿತ್ರ ಒಣಗಿದೊಡನೆ ಅದನ್ನು ಸುಲಿದು, ಗೀಟೆಳೆದಂತಹ ಶುಭ್ರವಾದ ಅಂಚನ್ನು ಮೆರೆಸುವ ಪದ್ಧತಿಯೊಂದು ಈಗ ಎಲ್ಲೆಲ್ಲಿಯೂ ಹಬ್ಬಿದೆ. ಇಳಿಜಾರಾದ ಹಲಗೆಯ ಮೇಲೆ ಹರಿದುಬಂದ ಬಣ್ಣದ ನೀರು ಆ ಪಟ್ಟಿಯ ಬಳಿ ಮಡುಗಟ್ಟಿ, ಉಳಿದ ಭಾಗ ಆರುತ್ತಿರುವಾಗ ಮರಳಿ ಮೇಲಕ್ಕೇರಿ, ಹೂಕೋಸಿನಂತಹ ಕಲೆಯನ್ನು ಮೂಡಿಸುವುದುಂಟು; ಸುಲಿಯುವ ಕೈ ಅವಸರಪಟ್ಟರೆ ಕಾಗದದ ಮೇಲ್ಪದರವೇ ಕಿತ್ತುಬರುವುದೂ ಉಂಟು. ಇವು ಸಣ್ಣ ದೋಷಗಳು. ದುರ್ಬಲವಾದ ರಚನೆಗೂ ಆ ಬಿಳುಪು ಸಿದ್ಧಿಯ ಸೋಗನ್ನು ತೊಡಿಸುತ್ತದೆಂಬುದೇ ನನ್ನ ನಿಜವಾದ ಆಕ್ಷೇಪ. ಕಟ್ಟು ಹಾಕಿಸುವಾಗ ಮೌಂಟು ಅರ್ಧ ಸೆಂಟಿಮೀಟರಿನಷ್ಟನ್ನು ಮುಚ್ಚುವುದೆಂದು ಅಂಟುಪಟ್ಟಿಯವರು ವಾದಿಸುತ್ತಾರೆ. ಅಷ್ಟು ಮುಚ್ಚಿದರೆ ಕೆಡುವ ಚಿತ್ರ ಮುಚ್ಚದಿದ್ದರೂ ಕೆಟ್ಟದ್ದೇ. 1804ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಜಲವರ್ಣಕಾರರ ಸಂಘದವರು ಮರುವರ್ಷದಿಂದ ಪ್ರದರ್ಶನಗಳನ್ನೇರ್ಪಡಿಸಿ ತೈಲಚಿತ್ರಗಳಿಗೆ ಸರಿಸಮಾನವಾದ ಗೌರವವನ್ನು ತಮ್ಮ ಕಲೆಗೆ ಬೇಡಿದಾಗ, ಅವರ ನೆಚ್ಚಿಕೆಯೆಲ್ಲ ತುಂಬುವರ್ಣದ ಮೇಲಿತ್ತೇ ಹೊರತು ಬಿಳಿಯ ಅಂಚಿನ ಮೇಲಲ್ಲ.

ಈ ವಾದವನ್ನು ಇನ್ನೂ ಬೆಳೆಸಬಹುದಿತ್ತು. ಆದರೆ ಆ ಕಾಲದ ಮಾತು ಬಂದೊಡನೆ ಮನಸ್ಸು ಟರ್ನರನತ್ತ ಹೊರಳುತ್ತದೆ. ಅಲ್ಲಿಂದ ಅದನ್ನು ಹಿಂದಕ್ಕೆಳೆಯುವ ಇಚ್ಛೆ ನನಗಿಲ್ಲ. ಬ್ಯಾಂಕಿನ ಒಡೆಯನೂ ಕವಿಯೂ ಆಗಿದ್ದ ಸ್ಯಾಮ್ಯುಯೆಲ್ ರಾಜರ್ಸನ ‘ಇಟಲಿ’ ಕಾವ್ಯದ 1830ರ ಆವೃತ್ತಿಗಾಗಿ ಟರ್ನರನು ರಚಿಸಿದ ಪುಟ್ಟ ಜಲವರ್ಣಗಳು ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿವೆ. ಹದಿಮೂರನೆಯ ಹುಟ್ಟುಹಬ್ಬಕ್ಕೆ ಆ ಪುಸ್ತಕವನ್ನು ಉಡುಗೊರೆಯಾಗಿ ಪಡೆದ ರಸ್ಕಿನ್, ತನ್ನ ಬಾಳಿನ ದಿಕ್ಕನ್ನೇ ಅದು ನಿರ್ಣಯಿಸಿತೆಂದು ಮುಂದೆ ಬರೆದುಕೊಂಡನು. ಕೋಮೋ ಸರೋವರವಾಗಲಿ, ಪೇಸ್ಟಮಿನ ದೇಗುಲವಾಗಲಿ, ನಡುವೆ ಸೂಕ್ಷ್ಮವಾಗಿ ಸಾಂದ್ರಗೊಂಡು, ಹೊರಹೊರಕ್ಕೆ ತಿಳಿಯಾಗುತ್ತ, ಎಲ್ಲಿ ವರ್ಣ ಮುಗಿದು ಎಲ್ಲಿ ಬರಿಯ ಕಾಗದ ತೊಡಗಿತೆಂದು ಹೇಳಲಾಗದಂತೆ ಪುಟದಲ್ಲಿ ಲೀನವಾಗುತ್ತದೆ. ಉಕ್ಕಿನ ತಗಡಿನಲ್ಲಿ ಅವನ್ನು ಕೊರೆದ ಎಡ್ವರ್ಡ್ ಗುಡಾಲ್ ಮೊದಲಾದವರು ಈ ಲಯವನ್ನು ರೇಖೆಗಳನ್ನು ಕ್ಷೀಣಗೊಳಿಸಿಯೇ ಸಾಧಿಸಬೇಕಾಯಿತು.

ಅಂಟುಪಟ್ಟಿಯವರೂ ನಾವೂ ಆಯತವನ್ನು ಪ್ರಶ್ನಿಸದೆ ಒಪ್ಪಿಕೊಂಡು, ಅದರ ಗಡಿಯಲ್ಲಿ ಮಾತ್ರ ಜಗಳವಾಡುತ್ತಿದ್ದೇವೆ. ಟರ್ನರನಿಗಾದರೋ ಇಲ್ಲಿ ಆಯತವೇ ಬೇಕಿಲ್ಲ. ಇದನ್ನು ಅನುಕರಿಸಲು ಹೊರಟವರು ಶುದ್ಧಜಲದ ಕುಂಚದಿಂದ ಸುತ್ತಲೂ ಒಂದೇ ಸಮನಾಗಿ ಅಂಚನ್ನು ಮೆದುಗೊಳಿಸಿ, ಕೊನೆಗೆ ಮಂಕಾದ ಅಂಡಾಕಾರವೊಂದನ್ನು ಪಡೆಯುತ್ತಾರೆ. ಎಲ್ಲಿ ವಸ್ತುವಿನ ಆಕೃತಿಯೇ ಗಡಿಯಾಗಿ ನಿಲ್ಲಬೇಕು, ಎಲ್ಲಿ ಆಕಾಶ ಕರಗಿಹೋಗಬೇಕು ಎಂಬುದನ್ನು ಮೊದಲ ತೊಯ್ಲಿಗೆ ಮುನ್ನವೇ, ಪೆನ್ಸಿಲಿನಿಂದ, ಒಂದೊಂದು ಮಗ್ಗುಲಿಗೂ ಬೇರೆಬೇರೆಯಾಗಿ ಗೊತ್ತುಮಾಡಿಕೊಳ್ಳತಕ್ಕದ್ದು.