ಬೆನ್ನು ನೋಡಿ ಹೆಸರಿಡಬೇಡಿ

ಸಿಬಿಸ್ಟರ್ ಎಂಬ ಮುಳುಗು ಜೀರುಂಡೆಯ ಗಂಡಿನ ಮುಂಗಾಲಿನ ಬಗ್ಗೆ ಈ ವಾರ ಬರೆಯುವುದಾಗಿ ಹೇಳಿದ್ದೆ. ಅಷ್ಟರಲ್ಲಿ ಮೊದಲ ಮಳೆ ಬಿತ್ತು, ಜಗಲಿ ದೀಪಕ್ಕೆ ಕರಿ ಜೀರುಂಡೆಗಳು ಬಂದು ಬಿದ್ದವು, ಬೆನ್ನಿನ ಫೋಟೊಗಳು ಬರತೊಡಗಿದವು: ‘ಇದು ಮುಳುಗು ಜೀರುಂಡೆ ತಾನೇ?’ ಎಷ್ಟೋ ಸಲ ಅದು ಹೈಡ್ರೋಫಿಲಸ್ ಎಂಬ ಬೇರೆಯೇ ನೀರುಜೀರುಂಡೆ.

ಬೆನ್ನು ನೋಡಿ ಹೆಸರಿಡುವವರ ಜೊತೆ ನನ್ನ ಜಗಳ ಹಳೆಯದು. ಅಂಚಿನ ಹಳದಿ ಪಟ್ಟೆ ಸಾಕಲ್ಲ ಎನ್ನುತ್ತಾರೆ. ಸಿಬಿಸ್ಟರ್ ಸುಗಿಲ್ಲೇಟಸ್‌ಗೆ ಆ ಪಟ್ಟೆಯೇ ಇಲ್ಲ. ಜೀರುಂಡೆಯನ್ನು ಬಕೆಟ್ ನೀರಿಗೆ ಬಿಡಿ. ಹಿಂಗಾಲೆರಡನ್ನೂ ಒಟ್ಟಿಗೆ ಬೀಸಿ ಹುಟ್ಟು ಹಾಕಿದರೆ ನಮ್ಮ ಮುಳುಗು ಜೀರುಂಡೆ. ನಡೆಯುವಂತೆ ಒಂದಾದಮೇಲೊಂದು ಆಡಿಸಿದರೆ ಹೈಡ್ರೋಫಿಲಸ್. ಉಸಿರಿಗೆ ಮೇಲೆ ಬಂದಾಗ ನಮ್ಮದು ಹಿಂಬದಿಯನ್ನು ಹೊರಗಿಟ್ಟು ರೆಕ್ಕೆಯಡಿ ಗಾಳಿ ತುಂಬಿಕೊಳ್ಳುತ್ತದೆ, ಅದು ತಲೆ ಎತ್ತುತ್ತದೆ. ಆಮೇಲೆ ಅಂಗಾತ ಮಾಡಿ. ಎದೆಯಿಂದ ಹಿಂದಕ್ಕೆ ಮುಳ್ಳಿನಂತೆ ಏಣು ಚಾಚಿದ್ದರೆ ಹೈಡ್ರೋಫಿಲಸ್. ನಮ್ಮದರ ಮೀಸೆ ದಾರದಂತೆ ತೆಳು. ಹೈಡ್ರೋಫಿಲಸ್‌ನ ಬಾಯಿಯ ಉದ್ದನೆಯ ಕಡ್ಡಿಗಳನ್ನೇ ಮೀಸೆಯೆಂದು ನಂಬಿ ಪಳಗಿದವರೂ ಮೋಸಹೋಗುತ್ತಾರೆ. ಅದರ ನಿಜವಾದ ಮೀಸೆ ಗಿಡ್ಡ, ತುದಿ ಗದೆಯಂತೆ.

ಕಾಲಿನ ಮಾತು ಬಂತಲ್ಲ, ನನ್ನ ಮನಸ್ಸಿನಲ್ಲಿ ಕೂತಿರುವುದು 1882ರ ಒಂದು ಕಾಲು. ಆ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಡಬ್ಲ್ಯು. ಡಿ. ಕ್ರಿಕ್ ಎಂಬುವರು ಡೈಟಿಸ್ಕಸ್ ಎಂಬ ಮುಳುಗು ಜೀರುಂಡೆಯ ಹೆಣ್ಣೊಂದನ್ನು ಹಿಡಿದರು. ಅದರ ನಡುಗಾಲಿನ ಪಾದವನ್ನು ಸಿಹಿನೀರಿನ ಪುಟ್ಟ ಚಿಪ್ಪೊಂದು ಕಚ್ಚಿ ಹಿಡಿದಿತ್ತು. ಅವರು ಡಾರ್ವಿನ್‌ಗೆ ಕಾಗದ ಬರೆದರು. ಒಂದು ಕೆರೆಯ ಜೀವಿ ನೆಲ ದಾಟಿ ಇನ್ನೊಂದು ಕೆರೆ ಸೇರುವುದು ಹೇಗೆಂಬುದು ಡಾರ್ವಿನ್ ದಶಕಗಳಿಂದ ಬೆನ್ನು ಹತ್ತಿದ್ದ ಪ್ರಶ್ನೆ. ದಡದಿಂದ 45 ಮೈಲಿ ದೂರದಲ್ಲಿದ್ದ ಬೀಗಲ್ ಹಡಗಿನ ಮೇಲೆ ಇದೇ ಕುಟುಂಬದ ಕೊಲಿಂಬೆಟಿಸ್ ಹಾರಿ ಬಂದಿದ್ದನ್ನು ‘ಒರಿಜಿನ್ ಆಫ್ ಸ್ಪೀಷೀಸ್’ನಲ್ಲೇ ದಾಖಲಿಸಿದ್ದರು. ಜೀರುಂಡೆ ಹಾರುತ್ತದೆಂದು ಗೊತ್ತಿತ್ತು. ಹೊರೆ ಹೊತ್ತ ಜೀರುಂಡೆ ಈಗ ಸಿಕ್ಕಿತು. ಆ ಕುರಿತ ಟಿಪ್ಪಣಿ ‘ನೇಚರ್’ನಲ್ಲಿ ಅಚ್ಚಾದದ್ದು ಏಪ್ರಿಲ್ 6ಕ್ಕೆ. 19ರಂದು ಡಾರ್ವಿನ್ ತೀರಿಕೊಂಡರು. ಡಿಎನ್‌ಎ ರಚನೆ ಬಿಡಿಸಿದ ಫ್ರಾನ್ಸಿಸ್ ಕ್ರಿಕ್, ಆ ಕ್ರಿಕ್ಕರ ಮೊಮ್ಮಗ.

ಬೆನ್ನಿನ ಫೋಟೊದಲ್ಲಿ ಆ ಚಿಪ್ಪು ಕಾಣುತ್ತಿತ್ತೇ?

ಇದನ್ನು ಓದಿದಂದಿನಿಂದ ಬಲೆಗೆ ಬಿದ್ದ ಪ್ರತಿ ಜೀರುಂಡೆಯ ಆರೂ ಕಾಲು ನೋಡಿಯೇ ನೀರಿಗೆ ಬಿಡುತ್ತೇನೆ. ಚಿಪ್ಪು ಇನ್ನೂ ಸಿಕ್ಕಿಲ್ಲ. ಹೊರರೆಕ್ಕೆಯಡಿ ಕೆಂಪು ನೀರುನುಸಿಯ ಮರಿಗಳು ಸಿಕ್ಕಿವೆ. ಗಂಡಿನ ಮುಂಗಾಲು ಮುಂದಿನ ವಾರಕ್ಕೆ.