ರ ಗ ಸ ದ ಅ: ನಲಿ-ಕಲಿಗೆ ಕೇಳಿಸದ ಕನ್ನಡ

ಸರ್ಕಾರಿ ಶಾಲೆಯ ಮೊದಲ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಬಗ್ಗೆ ಎರಡು ಬಗೆಯ ಮಾತು ಚಾಲ್ತಿಯಲ್ಲಿವೆ. ವಿಚಾರ ಸಂಕಿರಣಗಳಲ್ಲಿ ಅದು ಸರ್ಕಾರಿ ಶಾಲೆಯನ್ನು ಉಳಿಸಿದ ಕ್ರಾಂತಿ. ಗುಂಡ್ಲುಪೇಟೆ, ಚಾಮರಾಜನಗರದ ಪೋಷಕರ ಬಾಯಲ್ಲಿ ಅದು ಅಕ್ಷರ ಕಲಿಸದೆ ಮಕ್ಕಳನ್ನು ಆಡಿಸಿ ಕಳಿಸುವ ಪದ್ಧತಿ. ಒಂದನೇ ತರಗತಿಯೊಳಗೆ ಕೂತು ನೋಡಿದವರಿಗೆ ಎರಡೂ ಮಾತು ಪೊಳ್ಳೆನಿಸುತ್ತವೆ. ಈ ಪದ್ಧತಿಯ ನಿಜವಾದ ಹೆಚ್ಚುಗಾರಿಕೆಯನ್ನು ಹೊಗಳುವವರು ಹೊಗಳಿಲ್ಲ, ನಿಜವಾದ ಕೊರತೆಯನ್ನು ತೆಗಳುವವರು ತೆಗಳಿಲ್ಲ. ಎರಡೂ ಅದರ ಮೊದಲ ಐದು ಅಕ್ಷರಗಳಲ್ಲೇ ಇವೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾದದ್ದು, ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದದ್ದು, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ್ದು ಗೊತ್ತಿರುವ ಕಥೆ. ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರುವ ಏಣಿ, ಅದರ ಹಂತಗಳಾದ ಮೈಲಿಗಲ್ಲು, ಚಟುವಟಿಕೆಯ ಕಾರ್ಡು, ಗುಂಪು ಗುರುತಿಸುವ ತಟ್ಟೆ, ಮಕ್ಕಳ ಕೆಲಸ ತೂಗುಹಾಕುವ ಚಪ್ಪರಗಳನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಅಕ್ಷರಗಳ ಕ್ರಮವನ್ನು ನೋಡೋಣ.

ವರ್ಣಮಾಲೆಯ ದಾರಿಯಲ್ಲಿ ಹೊರಟ ಮಗು ಋ, ಅಃ, ಙ, ಞಗಳನ್ನೆಲ್ಲ ದಾಟಿದ ಮೇಲೆಯೇ ಒಂದು ಪದ ಓದುತ್ತಿತ್ತು. ಈ ಅಕ್ಷರಗಳಲ್ಲಿ ಕೆಲವನ್ನು ಅದು ಮುಂದೆ ಬದುಕಿನಲ್ಲಿ ಕಾಣುವುದೇ ಅಪರೂಪ. ನಲಿ-ಕಲಿ ರ, ಗ, ಸ, ದ, ಅಗಳಿಂದ ಆರಂಭಿಸಿ ಜ, ವ, ಮ, ಬ, ನಗಳಿಗೆ ಹೋಗುತ್ತದೆ. ರ ಬರೆದು ಪಳಗಿದ ಕೈಗೆ ದ, ಸ ದೂರವಲ್ಲ. ಕಾಗುಣಿತದ ಗೊಡವೆಯೇ ಇಲ್ಲದೆ ಸರ, ದರ, ರಸ, ಅರಸ, ಗರಗಸ ಓದಬಹುದು. ಶಾಲೆ ತೆರೆದ ಕೆಲವೇ ವಾರಗಳಲ್ಲಿ ಆರು ವರ್ಷದ ಕೂಸು ‘ಗರಗಸ’ ಎಂದು ಓದಿದಾಗ ಅದರ ಮುಖದಲ್ಲಿ ಕಾಣುವ ಗೆಲುವನ್ನು ಹೊಸ ಶಿಕ್ಷಕಿ ಮರೆಯಲಾರಳು. ಅಕ್ಷರ ಗೊತ್ತಿರುವುದಕ್ಕೂ ಓದು ಬರುವುದಕ್ಕೂ ನಡುವೆ ಇದ್ದ ತಿಂಗಳುಗಟ್ಟಲೆ ಅಂತರವನ್ನು ಈ ಕ್ರಮ ಕರಗಿಸಿತು. ಇದನ್ನು ಆಟ ಎನ್ನುವವರು ಇದರ ಹಿಂದಿನ ಯೋಚನೆಯನ್ನು ಕಂಡಿಲ್ಲ.

ಇನ್ನು ಈ ಐದರಲ್ಲಿ ಕೊನೆಯದಾದ ಅ. ‘ಅ ಇಂದ ಶುರುವಾಗುವ ಪದ ಹೇಳಿ’ ಎಂದು ಶಿಕ್ಷಕಿ ಕೇಳುತ್ತಾಳೆ. ಅಪ್ಪ, ಅಕ್ಕ ಬರುತ್ತವೆ. ಹಿಂದೆಯೇ ಅಗ್ಗ, ಅಸ, ಅಲಸು, ಅಪ್ಪಳವೂ ಬರುತ್ತವೆ. ಚಾಮರಾಜನಗರ ಸೀಮೆಯ ಮನೆಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ: ದನ ಕಟ್ಟುವುದು ಅಗ್ಗದಿಂದ, ಕುಡಿಯುವುದು ಆಲು. ಡಿ.ಎಲ್.ಎಡ್. ಮುಗಿಸಿ ಬಂದ ಹೊಸ ಶಿಕ್ಷಕಿ ಇಲ್ಲಿ ‘ತಪ್ಪು’ ಎನ್ನುತ್ತಾಳೆ. ಆದರೆ ಮಗು ಮಾಡಿದ್ದು ಆಕೆ ಹೇಳಿದ್ದನ್ನೇ. ಪದದ ಮೊದಲ ದನಿಯನ್ನು ಬಿಡಿಸಿ ಕೇಳಿಸಿಕೊಂಡು, ಅದೇ ದನಿಯ ಇನ್ನೊಂದು ಪದವನ್ನು ನೆನಪಿನಿಂದ ತೆಗೆದು ಕೊಟ್ಟಿತು. ಓದು ನಿಂತಿರುವುದೇ ಈ ಬುದ್ಧಿಯ ಮೇಲೆ. ಅದನ್ನು ತಪ್ಪು ಎಂದಾಗ ಮಗು ಕಲಿಯುವುದು ಒಂದೇ ಪಾಠ: ನನ್ನ ಕಿವಿಯನ್ನು ನಂಬಬಾರದು.

ಅದರ ಪರಿಣಾಮ ತಡವಾಗಿ ಕಾಣುತ್ತದೆ. ಏಣಿಯಲ್ಲಿ ಮುಂದೆ ಹ ಬರುವ ಹೊತ್ತಿಗೆ ಅಂಜಿದ ಮಗು ಎಲ್ಲೆಲ್ಲೂ ಹಕಾರ ಹಾಕತೊಡಗುತ್ತದೆ. ಅಕ್ಕಿ ಹಕ್ಕಿಯಾಗುತ್ತದೆ, ಆಡು ಹಾಡಾಗುತ್ತದೆ. ಶಿಕ್ಷಕಿಯ ದಾಖಲೆಯಲ್ಲಿ ಅದು ‘ಉಚ್ಚಾರಣೆ ದೋಷ’. ದೋಷ ಹುಟ್ಟಿದ್ದು ಆ ಹಿಂದಿನ ಮೈಲಿಗಲ್ಲಿನಲ್ಲಿ, ಮಗುವಿನ ಸರಿ ಉತ್ತರವನ್ನು ತಳ್ಳಿಹಾಕಿದ ಗಳಿಗೆಯಲ್ಲಿ. ‘ಮನೇಲಿ ಅಗ್ಗ ಅಂತೀವಿ ಕಣವ್ವ, ಪುಸ್ತಕದಲ್ಲಿ ಹಗ್ಗ ಅಂತ ಬರೀತೀವಿ, ಎರಡೂ ನಮ್ಮವೇ’ ಎಂಬ ಒಂದು ಮಾತು ಇಷ್ಟನ್ನೂ ತಡೆಯಬಹುದಿತ್ತು. ಆ ಮಾತಿಗೆ ಯಾವ ಕಾರ್ಡಿನಲ್ಲೂ ಜಾಗವಿಲ್ಲ.

ಇದು ಸಣ್ಣ ವಿಷಯವೆನ್ನುವವರು ಕನ್ನಡ ಸಾಹಿತ್ಯದ ಕಡೆ ನೋಡಬೇಕು. ಹೆಸರಿನಲ್ಲೇ ಗುಂಡ್ಲನ್ನು ಇಟ್ಟುಕೊಂಡ ಗುಂಡ್ಲು ಪಂಡಿತ ರಾಜರತ್ನಂ ತಮ್ಮ ಪುಸ್ತಕಕ್ಕೆ, ಹಕಾರ ಬಿಟ್ಟು, ‘ಎಂಡ್ಕುಡ್ಕ ರತ್ನ’ ಎಂದೇ ಹೆಸರಿಟ್ಟರು. ಮಕ್ಕಳಿಗಾಗಿ ‘ತುತ್ತೂರಿ’ ಬರೆದವರೂ ಅವರೇ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿ ಮನ್ನಿಸಿದ ಮಾತಿಗೆ ಅದೇ ಸೀಮೆಯ ಒಂದನೇ ತರಗತಿಯಲ್ಲಿ ಕೆಂಪು ಗೆರೆ ಬೀಳುವುದು ಅನ್ಯಾಯ. ಬಂಡೀಪುರದ ಅಂಚಿನ ಜೇನುಕುರುಬ, ಸೋಲಿಗ ಮಕ್ಕಳಿಗೆ, ಪಟ್ಟಣದ ಉರ್ದು, ತಮಿಳು ಮನೆಗಳ ಮಕ್ಕಳಿಗೆ ಈ ಅಂತರ ಇನ್ನೂ ದೊಡ್ಡದು. ಏಣಿ ಮಾತ್ರ ಎಲ್ಲರಿಗೂ ಒಂದೇ.

ಇಲ್ಲಿ ಎರಡು ಪಂಗಡಗಳ ಜೊತೆ ನನ್ನ ಜಗಳವಿದೆ. ‘ನಾವೆಲ್ಲ ಅಆಇಈ ತಿದ್ದಿಯೇ ಕಲಿಯಲಿಲ್ಲವೇ, ಅದನ್ನೇ ಮರಳಿ ತನ್ನಿ’ ಎನ್ನುವವರು ಮೊದಲನೆಯವರು. ಹೀಗೆ ಕೇಳುವವರು ಆ ಪದ್ಧತಿಯಲ್ಲಿ ದಾಟಿ ಬಂದವರು. ಎರಡನೇ ತರಗತಿಗೇ ಶಾಲೆ ಬಿಟ್ಟು ದನದ ಹಿಂದೆ ಹೋದವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ. ಅಪ್ಪ ಅವ್ವನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡ ಆದಿವಾಸಿ ಹಾಡಿಯ ಮಗು ವಾಪಸ್ ಬಂದಾಗ ಹಳೆಯ ತರಗತಿಯಲ್ಲಿ ಅದಕ್ಕೆ ಹಿಂದಿನ ಸಾಲೇ ಗತಿಯಾಗಿತ್ತು. ನಲಿ-ಕಲಿಯಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತಬಹುದು. ಇದೊಂದೇ ಕಾರಣಕ್ಕಾದರೂ ಹಳೆಯ ದಾರಿಗೆ ಮರಳುವ ಮಾತು ನಿಲ್ಲಬೇಕು.

ಎರಡನೆಯವರು ಅಭಿಮಾನಿಗಳು, ಹೆಚ್ಚು ಕೇಡು ಇವರಿಂದಲೇ. ‘ಶಿಕ್ಷಕ ಬರೀ ಸುಗಮಕಾರ, ಕಾರ್ಡುಗಳೇ ಕಲಿಸುತ್ತವೆ’ ಎಂದು ತರಬೇತಿಗಳಲ್ಲಿ ಹೇಳಿ ಹೇಳಿ ಹೊಸ ಶಿಕ್ಷಕಿಯ ಆತ್ಮವಿಶ್ವಾಸವನ್ನೇ ಕಿತ್ತುಕೊಂಡಿದ್ದಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಸಾಮಗ್ರಿಯನ್ನು ಕಟ್ಟಿದವರೇ ಶಿಕ್ಷಕರು. ತಮ್ಮ ಮಕ್ಕಳ ಮಾತು ಕೇಳಿಸಿಕೊಂಡವರ ಕೈಯಲ್ಲಿ ಅದು ಹುಟ್ಟಿತು. ರಾಜ್ಯಕ್ಕೆಲ್ಲ ಹಬ್ಬಿದಾಗ ಅದು ಮೇಲಿನಿಂದ ಅಚ್ಚಾಗಿ ಬರುವ ಕಟ್ಟಾಯಿತು. ಕಾರ್ಡು ಊರೂರಿಗೆ ತಲುಪಿತು, ಅದನ್ನು ಹುಟ್ಟಿಸಿದ ಕಿವಿ ತಲುಪಲಿಲ್ಲ. ಮೂರು ತರಗತಿ, ಐದು ಗುಂಪುಗಳ ನಡುವೆ ಓಡಾಡುತ್ತ ದಾಖಲೆ ತುಂಬುವ ಶಿಕ್ಷಕಿಗೆ ಮಗುವಿನ ಉತ್ತರದ ಹಿಂದಿನ ತರ್ಕವನ್ನು ಕೇಳಲು ಪುರುಸೊತ್ತೂ ಇಲ್ಲ, ಕೇಳಬೇಕೆಂದು ಯಾರೂ ಹೇಳಿಯೂ ಇಲ್ಲ.

ಆದ್ದರಿಂದ ನನ್ನ ತೀರ್ಪು ಇದು. ಅಕ್ಷರಕ್ರಮದ ಮಟ್ಟಿಗೆ ನಲಿ-ಕಲಿ ಕನ್ನಡ ಶಿಕ್ಷಣದ ದೊಡ್ಡ ಸಾಧನೆಗಳಲ್ಲೊಂದು, ಅದನ್ನು ಯಾವ ಒತ್ತಡಕ್ಕೂ ಬಿಟ್ಟುಕೊಡಬಾರದು. ಮಗುವಿನ ಮಾತಿನ ವಿಷಯದಲ್ಲಿ ಅದು ಸೋತಿದೆ. ಪರಿಹಾರಕ್ಕೆ ಇನ್ನೊಂದು ಕ್ರಾಂತಿ ಬೇಡ. ಪ್ರತಿ ಮೈಲಿಗಲ್ಲಿನಲ್ಲೂ ಶಿಕ್ಷಕಿ ತನ್ನ ಊರಿನ ಪದ ಬರೆಯಲು ಖಾಲಿ ಕಾರ್ಡುಗಳಿರಲಿ. ಚಾಮರಾಜನಗರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಸೀಮೆಯ ಮನೆಮಾತುಗಳ ಪದಪಟ್ಟಿ ಮಾಡಿ ಹೊಸಬರ ಕೈಗಿಡಲಿ. ಒಂದನೇ ತರಗತಿಗೆ ಬರುವ ಶಿಕ್ಷಕಿಗೆ ಕೊಡುವ ಮೊದಲ ತರಬೇತಿ ಮಕ್ಕಳ ಮಾತು ಕೇಳುವುದಾಗಿರಲಿ, ಕಾರ್ಡು ಹಂಚುವ ಕ್ರಮ ಆಮೇಲೆ ಬರಲಿ. ಅಗ್ಗ ಎಂದ ಮಗುವಿಗೆ ಮೊದಲು ‘ಸರಿ’ ಎನ್ನಲು ಕಲಿತ ಶಿಕ್ಷಕಿ ಮಾತ್ರ ಹಗ್ಗ ಎಂದು ಬರೆಯುವುದನ್ನು ಕಲಿಸಬಲ್ಲಳು.